ಕುಣಿಯುವವರ ಕಾಲು ಕತ್ತರಿಸಬೇಡಿ

ಹಾಡು, ಕುಣಿತ ತುಂಬಿದ ಹಳೆಯ ಸಿನಿಮಾವೊಂದು ವಾರ್ಷಿಕೋತ್ಸವಕ್ಕೆಂದು ಮತ್ತೆ ಥಿಯೇಟರಿಗೆ ಬರುತ್ತಿದೆ ಅಂದರೆ ನನಗೆ ಹಬ್ಬ. ಆದರೆ ಮೊದಲ ಶೋ ಶುರುವಾಗಿ ಹತ್ತು ನಿಮಿಷ ಆಗುವಷ್ಟರಲ್ಲಿ ನನ್ನ ಫೋನ್ ಬಡಿದುಕೊಳ್ಳುತ್ತದೆ ಅನ್ನುವುದೂ ಗೊತ್ತು. "ಸರ್, ಪಿಕ್ಚರ್ ಸ್ಕ್ರೀನ್ ತುಂಬ್ತಾ ಇಲ್ಲ. ಎರಡೂ ಪಕ್ಕ ಕಪ್ಪು ಪಟ್ಟಿ ಬರ್ತಾ ಇದೆ. ಜನ ಗಲಾಟೆ ಮಾಡ್ತಿದಾರೆ. ಏನಾದ್ರೂ ಮಾಡಿ."

ಥಿಯೇಟರುಗಳಲ್ಲಿ ಪ್ರೊಜೆಕ್ಟರ್ ಕೂರಿಸಿ, ಲೆನ್ಸ್ ಹೊಂದಿಸಿ, ಚಿತ್ರ ಸರಿಯಾಗಿ ಬೀಳುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಈ ಕರೆಗೆ ನನ್ನ ಉತ್ತರ ಯಾವಾಗಲೂ ಒಂದೇ. ಏನೂ ಮಾಡಬೇಡಿ. ಚಿತ್ರ ಸರಿಯಾಗಿಯೇ ಇದೆ.

'ಸಿಂಗಿನ್ ಇನ್ ದ ರೇನ್' ಸಿನಿಮಾವನ್ನೇ ತಗೊಳ್ಳಿ. 1952ರಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೊ ಮಾಡಿದ ಚಿತ್ರ. ಜೀನ್ ಕೆಲ್ಲಿ ಮತ್ತು ಸ್ಟಾನ್ಲಿ ಡೋನೆನ್ ಸೇರಿ ನಿರ್ದೇಶಿಸಿದ್ದು. ಅದರಲ್ಲಿ ನಾಯಕನಾಗಿ ಕುಣಿದವರೂ ಕೆಲ್ಲಿಯೇ. 60 ವರ್ಷ ತುಂಬಿದಾಗ 2012ರಲ್ಲಿ, 70 ತುಂಬಿದಾಗ 2022ರಲ್ಲಿ ಅಮೆರಿಕದ ಥಿಯೇಟರುಗಳಿಗೆ ಮರಳಿ ಬಂತು. 2027ಕ್ಕೆ ಅದಕ್ಕೆ 75. ಆ ಸಿನಿಮಾದ ಚಿತ್ರದ ಆಕಾರ 1.37ಕ್ಕೆ 1. ಅಂದರೆ ಎತ್ತರ ಒಂದು ಅಡಿ ಇದ್ದರೆ ಅಗಲ 1.37 ಅಡಿ. ಹಳೆಯ ಟಿವಿ ಪೆಟ್ಟಿಗೆಯ ಆಕಾರಕ್ಕೆ ಹತ್ತಿರ. 1932ರಿಂದ ಹಾಲಿವುಡ್‌ನಲ್ಲಿ ಇದೇ ಗೊತ್ತಾದ ಅಳತೆ. ಸಿನೆಮಾಸ್ಕೋಪ್ ಅನ್ನುವ ಅಗಲದ ಚಿತ್ರ ಬಂದದ್ದೇ 1953ರಲ್ಲಿ. ಈಗಿನ ಥಿಯೇಟರಿನ ತೆರೆ ಮಾತ್ರ 1.85 (ಇದಕ್ಕೆ ಫ್ಲಾಟ್ ಅನ್ನುತ್ತೇವೆ) ಇಲ್ಲವೇ 2.39ರ (ಇದು ಸ್ಕೋಪ್) ಲೆಕ್ಕದ್ದು. ಹಾಗಾಗಿ ಚಿತ್ರ ಮಧ್ಯದಲ್ಲಿ ಬೀಳುತ್ತದೆ, ಪಕ್ಕದಲ್ಲಿ ಜಾಗ ಉಳಿಯುತ್ತದೆ. ಇಷ್ಟೇ ವಿಷಯ.

ಇಷ್ಟನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ, "ಆದ್ರೂ ಸರ್, ಸ್ವಲ್ಪ ಝೂಮ್ ಮಾಡಿದ್ರೆ ತುಂಬತ್ತಲ್ವಾ?" ಅಂತಾರೆ. ಇಲ್ಲೇ ನನ್ನ ತಾಳ್ಮೆ ಮುಗಿಯುವುದು. ತುಂಬುತ್ತದೆ, ನಿಜ. ಆದರೆ ಅಗಲ ತುಂಬುವಷ್ಟು ದೊಡ್ಡದು ಮಾಡಿದಾಗ ಎತ್ತರವೂ ಅಷ್ಟೇ ಬೆಳೆಯುತ್ತದೆ. ತೆರೆಯ ಎತ್ತರ ಬೆಳೆಯುವುದಿಲ್ಲ. ಹೆಚ್ಚಾದದ್ದು ಮೇಲೂ ಕೆಳಗೂ ಹೊರಗೆ ಹೋಗುತ್ತದೆ. 1.85ರ ತೆರೆಯಲ್ಲಿ ಹೀಗೆ ಮಾಡಿದರೆ ಚಿತ್ರದ ಕಾಲು ಭಾಗ ಹೋಯಿತು. 2.39ರ ತೆರೆಯಲ್ಲಾದರೆ ನೂರರಲ್ಲಿ ಸುಮಾರು 43 ಪಾಲು ಹೋಯಿತು. ಹತ್ತಿರ ಹತ್ತಿರ ಅರ್ಧ ಸಿನಿಮಾ! ಟಿಕೆಟ್ ಕೊಂಡವರು ಪಕ್ಕದ ಕಪ್ಪು ನೋಡಿ ನಮಗೆ ಕಡಿಮೆ ಸಿಕ್ಕಿತು ಅಂದುಕೊಳ್ಳುತ್ತಾರೆ. ನಿಜವಾಗಿ ಕಡಿಮೆ ಸಿಗುವುದು ಆ ಕಪ್ಪನ್ನು ತೆಗೆಸಿದಾಗ.

ಕಡಿಮೆಯಾಗುವುದು ಏನು ಅನ್ನುವುದು ಇನ್ನೂ ಮುಖ್ಯ. ಮಾತುಕತೆಯ ಸಿನಿಮಾದಲ್ಲಿ ನೆತ್ತಿಯ ಮೇಲಿನ ಒಂದಷ್ಟು ಗೋಡೆ, ಕೆಳಗಿನ ಒಂದಷ್ಟು ಮೇಜು ಹೋದರೆ ಹೇಗೋ ಕಥೆ ಸಾಗೀತು. ಅದೂ ತಪ್ಪೇ, ಆದರೆ ಸಾಗೀತು. ಕುಣಿತದ ಸಿನಿಮಾದಲ್ಲಿ ಕೆಳಗೆ ಇರುವುದು ಕಾಲು. ಆ ಕಾಲದ ನೃತ್ಯಗಾರರಿಗೆ ಇದು ಪ್ರಾಣದಷ್ಟು ಮುಖ್ಯವಾಗಿತ್ತು. 1930ರ ದಶಕದಲ್ಲೇ ಹಾಲಿವುಡ್‌ನ ನಟ, ನೃತ್ಯಗಾರ ಫ್ರೆಡ್ ಅಸ್ಟೇರ್ ಹಟ ಹಿಡಿದಿದ್ದರು: ಕುಣಿಯುವಾಗ ತಲೆಯಿಂದ ಪಾದದವರೆಗೆ ಪೂರ್ತಿ ಮೈ ಕಾಣಬೇಕು, ನಡುವೆ ಸುಮ್ನೆ ಮುಖಕ್ಕೆ, ಕೈಗೆ ಅಂತ ಕಟ್ ಮಾಡಬಾರದು. ಹಾಗಾಗಿ ಆ ಸಿನಿಮಾಗಳ ಕುಣಿತದಲ್ಲಿ ನೆಲಕ್ಕೂ ಚೌಕಟ್ಟಿನ ಕೆಳ ಅಂಚಿಗೂ ನಡುವೆ ಬಹಳ ಸಲ ಒಂದಿಷ್ಟೇ ಜಾಗ ಇರುತ್ತದೆ. ಝೂಮ್ ಮಾಡಿದ ಕೂಡಲೇ ಮೊದಲು ಹೋಗುವುದು ಪಾದ.

'ಸಿಂಗಿನ್ ಇನ್ ದ ರೇನ್'ನ ಮಳೆಯ ಹಾಡನ್ನು ನೆನಪು ಮಾಡಿಕೊಳ್ಳಿ. ಎಂಜಿಎಂ ಸ್ಟುಡಿಯೊದ ಹಿಂದಿನ ಬಯಲಿನಲ್ಲಿ ಕಟ್ಟಿದ್ದ ಬೀದಿ ಅದು. ಹಗಲಿನಲ್ಲೇ ಮೇಲೆ ಕಪ್ಪು ಟಾರ್ಪಾಲಿನ್ ಹೊದಿಸಿ ರಾತ್ರಿ ಮಾಡಿಕೊಂಡಿದ್ದರು. ನೀರಿನ ಹನಿ ಕ್ಯಾಮೆರಾಗೆ ಕಾಣಲಿ ಅಂತ ಹಿಂದಿನಿಂದ ಬೆಳಕು ಕೊಟ್ಟಿದ್ದರು. ಜೀನ್ ಕೆಲ್ಲಿಗೆ ಆಗ ಮೈ ಸುಡುವ ಜ್ವರ. ಈಗ ನಾನು ಹೇಳಬೇಕಾದ ಮಾತು. ಎಲ್ಲಿ ಹೆಜ್ಜೆ ಬೀಳಬೇಕು ಅನ್ನುವುದನ್ನು ಮೊದಲೇ ಲೆಕ್ಕ ಹಾಕಿ, ಆ ಜಾಗಗಳಲ್ಲಿ ನೆಲ ಅಗೆದು ನೀರಿನ ಗುಂಡಿ ಮಾಡಿದ್ದರು. ಸುಮ್ಮನೆ ನಿಂತ ನೀರಲ್ಲ ಅದು. ಒಂದೊಂದು ಗುಂಡಿಯೂ ಕುಣಿತದ ಒಂದೊಂದು ತಾಳ. ಒಂದು ಕಾಲು ಫುಟ್‌ಪಾತ್ ಮೇಲೆ, ಇನ್ನೊಂದು ಕೆಳಗೆ ರಸ್ತೆಯಲ್ಲಿ ಇಟ್ಟು ಆತ ಅಂಚಿನುದ್ದಕ್ಕೂ ಹೋಗುವುದನ್ನು ನೋಡಿ. ಮಾಳಿಗೆಯಿಂದ ಇಳಿದ ಕೊಳವೆಯ ಕೆಳಗೆ ನಿಂತು ನೀರನ್ನು ಮುಖಕ್ಕೇ ಸುರಿಸಿಕೊಳ್ಳುವುದನ್ನು ನೋಡಿ. ಕಡೆಗೆ ರಸ್ತೆಯ ನೀರಿಗಿಳಿದು ಮಗುವಿನ ಹಾಗೆ ತುಳಿದು ತುಳಿದು ಎರಚಾಡುವುದನ್ನು ನೋಡಿ. ಮೇಲೆ ನೀರು, ಕೆಳಗೆ ನೀರು, ನಡುವೆ ಖುಷಿ ತಡೆಯಲಾರದ ಒಬ್ಬ ಮನುಷ್ಯ. ಅಷ್ಟು ಕಷ್ಟಪಟ್ಟು ಪಾದಕ್ಕಾಗಿ ನೆಲ ಅಗೆದವರ ಸಿನಿಮಾದಲ್ಲಿ ಪಾದವನ್ನೇ ಕತ್ತರಿಸಿದರೆ ಉಳಿಯುವುದೇನು? ಒದ್ದೆ ಕೋಟು ತೊಟ್ಟ ಒಬ್ಬ ಗಂಡಸು ಅತ್ತಿಂದಿತ್ತ ಓಡಾಡುತ್ತಾನೆ, ಅಷ್ಟೇ.

ಅದೇ ಸಿನಿಮಾದಲ್ಲಿ ಡೊನಾಲ್ಡ್ ಓಕಾನರ್ ಗೋಡೆಯ ಮೇಲೆ ಓಡಿ ಹಿಂದಕ್ಕೆ ಪಲ್ಟಿ ಹೊಡೆಯುತ್ತಾರೆ. ಅದಕ್ಕೆ ಎತ್ತರ ಬೇಕು. ನೃತ್ಯಗಾರ್ತಿ ಸಿಡ್ ಚಾರಿಸ್ ಮೊದಲು ಕಾಣಿಸಿಕೊಳ್ಳುವುದೇ ಕಾಲಿನಿಂದ. ಚಾಚಿದ ಆ ಕಾಲಿನ ತುದಿಯಲ್ಲಿ ಕೆಲ್ಲಿಯ ಟೋಪಿ ನಿಂತಿರುತ್ತದೆ. ಮುಂದೆ ಆಕೆಯ ಉದ್ದನೆಯ ಬಿಳಿ ರೇಷ್ಮೆ ಗಾಳಿಗೆ ತಲೆಯಿಂದ ಎಷ್ಟೋ ಮೇಲಕ್ಕೆ ಹಾರುತ್ತದೆ. ಅದಕ್ಕೂ ಎತ್ತರ ಬೇಕು. ಹಾರುವ ಬಟ್ಟೆಯ ತುದಿ ಕಾಣದಿದ್ದರೆ ಅದನ್ನು ಹಾರಿಸಿದ್ದಾದರೂ ಯಾಕೆ?

ಒಂದು ಥಿಯೇಟರಿನಲ್ಲಿ, ಹೆಸರು ಬೇಡ, ನಾನು ಬೇಡ ಅಂದರೂ ಮ್ಯಾನೇಜರ್ ಝೂಮ್ ಮಾಡಿಸಿಯೇಬಿಟ್ಟರು. ಒಳ್ಳೆಯ ಮನುಷ್ಯ. ಪ್ರೇಕ್ಷಕರು ಬೇಜಾರಾಗಬಾರದು ಅನ್ನುವುದಷ್ಟೇ ಅವರ ಆಸೆ. ನಿಜಕ್ಕೂ ಕಪ್ಪು ಪಟ್ಟಿಯ ಬಗ್ಗೆ ಯಾರೂ ದೂರಲಿಲ್ಲ. ಮಧ್ಯಂತರದಲ್ಲಿ ವಯಸ್ಸಾದ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಪ್ರೊಜೆಕ್ಷನ್ ರೂಮಿನ ಬಾಗಿಲಿಗೇ ಬಂದರು. ಮಕ್ಕಳಿಗೆ ನೃತ್ಯ ಕಲಿಸುವವರಂತೆ, ಎಂಟತ್ತು ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. "ನೋಡಪ್ಪಾ, ನಾನು ಈ ಮಕ್ಕಳಿಗೆ ತೋರ್ಸೋಕೆ ಬಂದಿರೋದು ಅವರ ಹೆಜ್ಜೆನ. ಅದೇ ಕಾಣ್ತಿಲ್ಲ" ಅಂದರು. ಜಗಳದ ದನಿಯಲ್ಲ, ನೊಂದ ದನಿ. ಮ್ಯಾನೇಜರ್ ತಾವೇ ನಿಂತು ಸರಿ ಮಾಡಿಸಿದರು. ಉಳಿದ ಅರ್ಧದಲ್ಲಿ ಕಪ್ಪು ಪಟ್ಟಿ ಇತ್ತು. ಆಗಲೂ ಯಾರೂ ಏನೂ ಅನ್ನಲಿಲ್ಲ.

ಜನರ ಅಸಮಾಧಾನಕ್ಕೆ ಒಂದು ನ್ಯಾಯವಾದ ಕಾರಣ ಇದೆ, ಅದನ್ನೂ ಹೇಳಬೇಕು. ಡಿಜಿಟಲ್ ಪ್ರೊಜೆಕ್ಟರಿನ ಕಪ್ಪು ಪೂರ್ತಿ ಕಪ್ಪಲ್ಲ. ಸ್ವಲ್ಪ ಬೆಳಕು ಸೋರುತ್ತದೆ. ಕತ್ತಲೆಯ ದೃಶ್ಯ ಬಂದಾಗ ಪಕ್ಕದ ಪಟ್ಟಿಗಳು ಬೂದು ಬಣ್ಣದಲ್ಲಿ ಮಂಕಾಗಿ ಹೊಳೆಯುತ್ತವೆ. ಕಣ್ಣು ಅತ್ತ ಹೋಗಿಯೇ ಹೋಗುತ್ತದೆ. ಇದಕ್ಕೆ ಮದ್ದು ಝೂಮ್ ಅಲ್ಲ, ಮಾಸ್ಕಿಂಗ್. ತೆರೆಯ ಎರಡೂ ಪಕ್ಕ ಸರಿದಾಡುವ ಕಪ್ಪು ಬಟ್ಟೆಯ ಪರದೆ. ಅದನ್ನು ಚಿತ್ರದ ಅಂಚಿನವರೆಗೆ ಎಳೆದುಬಿಟ್ಟರೆ ಪಟ್ಟಿ ಅನ್ನುವುದೇ ಇರುವುದಿಲ್ಲ. ಈ ಆಕಾರಕ್ಕೇ ಕಟ್ಟಿದ ತೆರೆಯ ಹಾಗೆ ಕಾಣುತ್ತದೆ. ರೀಲಿನ ಕಾಲದಲ್ಲಿ ಇದು ಮಾಮೂಲಿ ಕೆಲಸವಾಗಿತ್ತು. ಈಗ ಎಷ್ಟೋ ಥಿಯೇಟರುಗಳಲ್ಲಿ ಸರಿದಾಡುವ ಪರದೆಯೇ ಇಲ್ಲ. ಇದ್ದ ಕಡೆಯೂ ಮೋಟರ್ ತುಕ್ಕು ಹಿಡಿದಿರುತ್ತದೆ. ವಾರ್ಷಿಕೋತ್ಸವಕ್ಕೆ ಬಾಗಿಲಿಗೆ ಬಲೂನ್ ಕಟ್ಟುವ ಮೊದಲು ಆ ಮೋಟರಿಗೆ ಒಂದಿಷ್ಟು ಎಣ್ಣೆ ಬಿಡಿ ಅಂತ ನಾನು ಕೈ ಮುಗಿದು ಕೇಳುತ್ತೇನೆ. ಪರದೆಯೇ ಇಲ್ಲದಿದ್ದರೆ, ಪ್ರತಿಫಲಿಸದ ಕಪ್ಪು ಬಟ್ಟೆಯನ್ನು ಎರಡೂ ಪಕ್ಕ ಇಳಿಬಿಟ್ಟರೂ ನಡೆಯುತ್ತದೆ. ಬೆಂಕಿ ಹತ್ತದ ಬಟ್ಟೆಯೇ ಆಗಬೇಕು, ತುರ್ತು ಬಾಗಿಲಿಗೆ ಅಡ್ಡ ಬರಬಾರದು.

ಕತ್ತರಿಸುವುದು ಬೇಡ, ಅಗಲಕ್ಕೆ ಎಳೆಯೋಣ ಅನ್ನುವವರೂ ಇದ್ದಾರೆ. ಎಳೆದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಆಗುತ್ತಾರೆ. ನೃತ್ಯಗಾರರ ಮೈಯನ್ನು ಹಾಗೆ ಹಿಗ್ಗಿಸುವುದರ ಬಗ್ಗೆ ಹೆಚ್ಚು ಹೇಳಲಾರೆ.

ಇದು ಇವತ್ತಿನ ರೋಗವೂ ಅಲ್ಲ. 1939ರ 'ಗಾನ್ ವಿತ್ ದ ವಿಂಡ್' ಸಿನಿಮಾವನ್ನು 1967ರಲ್ಲಿ 70 ಎಂಎಂ ಅಗಲದ ಫಿಲ್ಮಿನಲ್ಲಿ ಮತ್ತೆ ಬಿಡುಗಡೆ ಮಾಡಿದಾಗ, ಅಗಲ ಮಾಡಬೇಕು ಅಂತ ಮೇಲೂ ಕೆಳಗೂ ಕತ್ತರಿಸಿಯೇ ಬಿಟ್ಟಿದ್ದರು. ಡಿಸ್ನಿಯ ಕಾರ್ಟೂನ್ ಸಿನಿಮಾ 'ಫ್ಯಾಂಟಸಿಯಾ'ವನ್ನು 1956ರಲ್ಲಿ ಎಳೆದು ಅಗಲ ಮಾಡಿದ್ದರು. ಮಾಡಿದವರು ಬೇರೆ ಯಾರೂ ಅಲ್ಲ, ಆ ಸಿನಿಮಾಗಳ ಒಡೆಯರೇ.

ಹಾಗಂತ ಅಗಲದ ಮೇಲೆ ನನಗೆ ಸಿಟ್ಟಿಲ್ಲ. ಡೋನೆನ್ ಅವರೇ 1954ರಲ್ಲಿ 'ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್' ಮಾಡಿದರು, ಸಿನೆಮಾಸ್ಕೋಪಿನಲ್ಲಿ. ಏಳು ಜನ ಅಣ್ಣತಮ್ಮಂದಿರು ಸಾಲಾಗಿ ನಿಂತು ಕುಣಿಯಬೇಕಾದರೆ ಆ ಅಗಲ ಬೇಕೇ ಬೇಕು. ಸ್ಕೋಪ್ ಇಲ್ಲದ ಥಿಯೇಟರುಗಳಿಗೆ ಅಂತ ಅದೇ ಸಿನಿಮಾವನ್ನು ಇನ್ನೊಂದು ಆಕಾರದಲ್ಲಿ ಮತ್ತೆ ಚಿತ್ರೀಕರಿಸಿದರು. ಇದ್ದದ್ದನ್ನು ಕತ್ತರಿಸಲಿಲ್ಲ, ಇನ್ನೊಂದು ಸಲ ಶೂಟ್ ಮಾಡಿದರು! 2025ರಲ್ಲಿ 60ನೇ ವರ್ಷಕ್ಕೆ ಮರಳಿ ಬಂದ 'ದ ಸೌಂಡ್ ಆಫ್ ಮ್ಯೂಸಿಕ್' ಟಾಡ್-ಎಒ ಅನ್ನುವ 70 ಎಂಎಂ ಪದ್ಧತಿಯಲ್ಲಿ ತೆಗೆದ ಸಿನಿಮಾ, ಅಳತೆ 2.20. ಅದು 2.39ರ ತೆರೆಯಲ್ಲಿ ಪಕ್ಕಕ್ಕೆ ತೆಳ್ಳಗೆ ಜಾಗ ಬಿಡುತ್ತದೆ, 1.85ರ ತೆರೆಯಲ್ಲಿ ಮೇಲೆ ಕೆಳಗೆ ಬಿಡುತ್ತದೆ. ಎರಡೂ ಸರಿ.

ಇಲ್ಲಿ ಒಂದು ಎಚ್ಚರಿಕೆ. 1953ರಿಂದ ಕೆಲವು ವರ್ಷ ಎಲ್ಲವೂ ಕಲಸಿಹೋಗಿತ್ತು. ಫಿಲ್ಮಿನ ಮೇಲೆ 1.37 ಇದ್ದರೂ ಥಿಯೇಟರಿನಲ್ಲಿ ಮೇಲೆ ಕೆಳಗೆ ಮುಚ್ಚಿ ಅಗಲವಾಗಿಯೇ ತೋರಿಸಬೇಕು ಅಂತ ಯೋಚಿಸಿ ತೆಗೆದ ಸಿನಿಮಾಗಳಿವೆ. ಅವುಗಳಲ್ಲಿ ಕತ್ತರಿಸದಿದ್ದರೇ ತಪ್ಪು, ಮೈಕ್ ಕೂಡ ಚೌಕಟ್ಟಿನೊಳಗೆ ಕಂಡೀತು. ಆದ್ದರಿಂದ ನನ್ನ ಮಾತನ್ನು ಎಲ್ಲ ಹಳೆಯ ಸಿನಿಮಾಗೂ ಕಣ್ಣು ಮುಚ್ಚಿ ಹಚ್ಚಬೇಡಿ. ಪ್ರತಿ ಸಿನಿಮಾಗೆ ಹಂಚಿಕೆದಾರರು ಕಳಿಸುವ ಟಿಪ್ಪಣಿ ಓದಿ. ಅನುಮಾನ ಇದ್ದರೆ ಅವರನ್ನೇ ಕೇಳಿ. ಸಾಮಾನ್ಯವಾಗಿ ಡಿಜಿಟಲ್ ಪ್ರತಿಯಲ್ಲಿ ಆ ಕೆಲಸ ಮಾಡಿಯೇ ಕಳಿಸಿರುತ್ತಾರೆ. 4ಕೆ ಪ್ರತಿಯ 1.85ರ ಚೌಕಟ್ಟು 3996 ಪಿಕ್ಸೆಲ್ ಅಗಲ. ಅದರೊಳಗೆ 1.37ರ ಚಿತ್ರ ಸುಮಾರು 2960 ಪಿಕ್ಸೆಲ್ ಅಗಲಕ್ಕೆ ಕೂತಿರುತ್ತದೆ. ಉಳಿದ ಕಪ್ಪು ಆ ಪ್ರತಿಯಲ್ಲೇ ಇದೆ. ಅದು ಪ್ರೊಜೆಕ್ಟರ್ ಮಾಡಿದ ತಪ್ಪಲ್ಲ.

ಆ ಪ್ರತಿ ನಮ್ಮ ಕೈಗೆ ಬರುವ ಹಿಂದೆ ಎಷ್ಟು ಜನರ ದುಡಿಮೆ ಇದೆ ಗೊತ್ತಾ? 'ಸಿಂಗಿನ್ ಇನ್ ದ ರೇನ್' ಮೂಲ ನೆಗೆಟಿವ್‌ನ ಬಹುಪಾಲು 1978ರಲ್ಲಿ ಅಮೆರಿಕದ ಈಸ್ಟ್‌ಮನ್ ಹೌಸ್ ಸಂಗ್ರಹಾಲಯದ ಬೆಂಕಿಯಲ್ಲಿ ಸುಟ್ಟುಹೋಯಿತು. ಅದನ್ನು ತೆಗೆದದ್ದು ಟೆಕ್ನಿಕಲರ್ ಪದ್ಧತಿಯಲ್ಲಿ, ಅಂದರೆ ಮೂರು ಬಣ್ಣಕ್ಕೆ ಮೂರು ಬೇರೆ ಬೇರೆ ಫಿಲ್ಮ್. ಮೊದಲೇ ಮಾಡಿಟ್ಟಿದ್ದ ನಕಲುಗಳಿಂದ ಆ ಮೂರನ್ನೂ ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದ ಹಾಗೆ ಕೂರಿಸಿ ಚಿತ್ರವನ್ನು ಉಳಿಸಿದ್ದಾರೆ, ಅಂಚಿನಿಂದ ಅಂಚಿನವರೆಗೆ. ಬೆಂಕಿಯಿಂದ ಪಾರು ಮಾಡಿ ಅವರು ಕಳಿಸಿದ್ದನ್ನು ನಾವು ಕೊನೆಯ ಮೆಟ್ಟಿಲಲ್ಲಿ ಒಂದು ಗುಂಡಿ ಒತ್ತಿ ಕಾಲು ಭಾಗ ಬಿಸಾಡುತ್ತೇವೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ನೋಡಲು ಹೋಗುವವರಿಗೆ ಇಷ್ಟು ಹೇಳುತ್ತೇನೆ. ಪಕ್ಕದಲ್ಲಿ ಕಪ್ಪು ಇದ್ದರೆ ಸುಮ್ಮನೆ ಕೂತು ನೋಡಿ, ಐದು ನಿಮಿಷದಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. 1952ರ ಸಿನಿಮಾ ತೆರೆಯ ತುಂಬ ಕಾಣುತ್ತಿದ್ದರೆ ಮಾತ್ರ ಅನುಮಾನ ಪಡಿ. ಶುರುವಿನ ಹೆಸರುಗಳಲ್ಲಿ ಮೇಲಿನ ಅಥವಾ ಕೆಳಗಿನ ಸಾಲು ಅರ್ಧಕ್ಕೆ ಕತ್ತರಿಸಿದೆಯಾ ಗಮನಿಸಿ. ತಲೆ ಹಾರಿಹೋಗಿದೆಯಾ, ಪಾದ ಕಾಣುತ್ತಿದೆಯಾ ನೋಡಿ. ಇಲ್ಲದಿದ್ದರೆ ಎದ್ದು ಹೋಗಿ ಹೇಳಿ. ಟಿಕೆಟ್ ಹರಿಯುವ ಹುಡುಗನ ಮೇಲೆ ರೇಗಬೇಡಿ, ಅವನ ಕೈಯಲ್ಲಿ ಏನೂ ಇಲ್ಲ. ಮ್ಯಾನೇಜರನ್ನು ಕೇಳಿ. "ಇದು 1.37ರ ಸಿನಿಮಾ, ಫ್ಲಾಟ್ ಸೆಟ್ಟಿಂಗಿನಲ್ಲಿ ಝೂಮ್ ಇಲ್ಲದೆ ಹಾಕಿ" ಅನ್ನಿ. ಸೆಟ್ಟಿಂಗ್ ಮೊದಲೇ ಮಾಡಿಟ್ಟಿದ್ದರೆ ಒಂದು ನಿಮಿಷದ ಕೆಲಸ, ಸಿನಿಮಾ ನಿಲ್ಲಿಸುವುದೂ ಬೇಡ. ಹೇಳುವುದಾದರೆ ಬೇಗ ಹೇಳಿ, ಮಳೆಯ ಹಾಡಿಗೆ ಮೊದಲು.