ಏರಿಯ ಮೈಗೆ ನಾರಿನ ಹೊದಿಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ಎತ್ತಿಟ್ಟ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆಯೇ ಇರುತ್ತದೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಎನ್ನತೊಡಗಿದ ಮೇಲೆ ಇಳಿಸಿ ಸುಲಿಯುತ್ತಾರೆ. ಅಷ್ಟರಲ್ಲಿ ಮಟ್ಟೆ ಪೂರ್ತಿ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹಿಂದೆ ಈ ಮಟ್ಟೆ ಬಚ್ಚಲ ಒಲೆಗೆ ಹೋಗುತ್ತಿತ್ತು. ಈಗ ಬಹುಪಾಲು ನಾರಿನ ಕಾರ್ಖಾನೆಗೆ ಹೋಗುತ್ತದೆ. ಇದೇ ನಾರನ್ನು ಹುರಿ ಮಾಡಿ, ಬಲೆಯಂತೆ ನೇಯ್ದು, ರಸ್ತೆಯ ಅಡಿಗೂ ಕೆರೆ ಏರಿಯ ಇಳಿಜಾರಿಗೂ ಹಾಸಬಹುದೆಂಬ ಮಾತು ಮಾತ್ರ ಈ ಸೀಮೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಹಾಗೆ ನೋಡಿದರೆ ತತ್ತ್ವ ಹೊಸದಲ್ಲ. ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲು ಕತ್ತರಿಸಿ ಹಾಕಿ ತುಳಿಯುತ್ತಿದ್ದುದು ಗೋಡೆ ಬಿರುಕು ಬಿಡಬಾರದೆಂದು. ಮೇಲಿಂದ ಹೇರಿದ ಭಾರವನ್ನು ಮಣ್ಣು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ; ಆ ಕೊರತೆಯನ್ನು ಎಳೆ ತುಂಬಿಕೊಡುತ್ತದೆ. ಫ್ರಾನ್ಸಿನ ಆನ್ರಿ ವಿದಾಲ್ 1960ರ ದಶಕದಲ್ಲಿ ಮಣ್ಣಿನ ಪದರಗಳ ನಡುವೆ ಲೋಹದ ಪಟ್ಟಿಗಳನ್ನಿಟ್ಟು ಇದನ್ನೇ ಲೆಕ್ಕಾಚಾರಕ್ಕೆ ಒಗ್ಗುವ ವಿಧಾನವಾಗಿ ರೂಪಿಸಿದರು.

ರಸ್ತೆಗೆ ಬಟ್ಟೆ ಹಾಸಿದ್ದು ಅದಕ್ಕಿಂತಲೂ ಹಿಂದೆ. ಅಮೆರಿಕದ ಸೌತ್ ಕೆರೊಲಿನಾದಲ್ಲಿ 1926ರಲ್ಲಿ ದಪ್ಪ ಹತ್ತಿ ಬಟ್ಟೆ ಹರಡಿ, ಮೇಲೆ ಬಿಸಿ ಡಾಂಬರು ಸುರಿದು, ಮರಳು ಹಾಕಿ ನೋಡಿದರು. ಬಟ್ಟೆ ಕೆಡುವವರೆಗೆ ರಸ್ತೆ ಚೆನ್ನಾಗಿಯೇ ಇತ್ತು. ಆಮೇಲೆ ಬಂದ ಪ್ಲಾಸ್ಟಿಕ್ ಎಳೆಯ ಬಟ್ಟೆಗಳು ಕೊಳೆಯುವುದಿಲ್ಲವೆಂಬ ಕಾರಣಕ್ಕೇ ಮಾರುಕಟ್ಟೆ ಹಿಡಿದವು, 1977ರಲ್ಲಿ ಜೆ.ಪಿ. ಜಿರೂ ಇಂಥ ಬಟ್ಟೆಗಳಿಗೆ ಜಿಯೋಟೆಕ್ಸ್‌ಟೈಲ್ ಎಂಬ ಹೆಸರು ಕೊಟ್ಟಾಗ ಎಂಜಿನಿಯರುಗಳ ಮನಸ್ಸಿನಲ್ಲಿದ್ದುದೂ ಹೆಚ್ಚಾಗಿ ಅವೇ. ಸಹಜ ನಾರು ಲೆಕ್ಕಕ್ಕೇ ಬರಲಿಲ್ಲ.

ಕೊಳೆಯುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ, ಆದರೆ ಅರ್ಧ ಸತ್ಯ. ತೆಂಗಿನ ನಾರಿನಲ್ಲಿ ಲಿಗ್ನಿನ್ ಅಂಶ ಶೇ 40ಕ್ಕೂ ಮೇಲಿದ್ದರೆ ಸೆಣಬಿನಲ್ಲಿರುವುದು ಸುಮಾರು ಶೇ 12 ಮಾತ್ರ. ಮರವನ್ನು ಗಟ್ಟಿಯಾಗಿಡುವ ಈ ವಸ್ತುವೇ ಸೂಕ್ಷ್ಮಜೀವಿಗಳ ಹಲ್ಲಿಗೆ ಸುಲಭವಾಗಿ ಸಿಗದ್ದು. ಫಲವತ್ತಾದ ಮಣ್ಣಿನಲ್ಲಿಟ್ಟು ನೋಡಿದ ಒಂದು ಪರೀಕ್ಷೆಯಲ್ಲಿ ಹತ್ತಿ ಆರು ವಾರಕ್ಕೆ, ಸೆಣಬು ಎಂಟು ವಾರಕ್ಕೆ ಮುಗಿದುಹೋದರೆ, ತೆಂಗಿನ ನಾರಿನಲ್ಲಿ ವರ್ಷದ ಬಳಿಕವೂ ಐದನೇ ಒಂದು ಪಾಲು ಬಲ ಉಳಿದಿತ್ತು. ಇನ್ನು ಮುಖ್ಯ ಪ್ರಶ್ನೆ, ಈ ಬಲ ಎಷ್ಟು ಕಾಲ ಬೇಕು ಎಂಬುದು. ಜೇಡಿಮಣ್ಣಿನ ಮೇಲೆ ನೇರವಾಗಿ ಜಲ್ಲಿ ಸುರಿದರೆ ಮೊದಲ ಮಳೆಗೇ ಜಲ್ಲಿ ಕೆಳಗಿಳಿಯುತ್ತದೆ, ಕೆಸರು ಮೇಲೇಳುತ್ತದೆ. ನಡುವೆ ನಾರಿನ ಬಟ್ಟೆಯಿದ್ದರೆ ಅವೆರಡೂ ಬೆರೆಯುವುದಿಲ್ಲ; ನೀರು ಮಾತ್ರ ಬಟ್ಟೆಯ ಮೂಲಕ ಬಸಿದು ಹೋಗುತ್ತದೆ. ನೀರು ಬಸಿದಂತೆಲ್ಲ ಅಡಿಯ ಮಣ್ಣು ಲಾರಿ ಟ್ರ್ಯಾಕ್ಟರುಗಳ ಭಾರಕ್ಕೆ ಒತ್ತಿಕೊಂಡು ತಾನೇ ಬಲಿಯುತ್ತದೆ. ಬಟ್ಟೆ ಸೋಲುವ ಹೊತ್ತಿಗೆ ಮಣ್ಣಿಗೆ ಅದರ ಆಸರೆ ಅಷ್ಟಾಗಿ ಬೇಕಿರುವುದಿಲ್ಲ. ಕಟ್ಟಡಕ್ಕೆ ಕಾಂಕ್ರೀಟು ಹಾಕುವಾಗ ಕೊಡುವ ಸೆಂಟ್ರಿಂಗ್ ಶಾಶ್ವತವಲ್ಲವೆಂದು ಯಾರೂ ದೂರುವುದಿಲ್ಲವಷ್ಟೆ.

ಈ ವಾದ ಕಡತಕ್ಕೆ ಏರಲು ಬಹಳ ಕಾಲ ಹಿಡಿಯಿತು. ಅಳತೆಗೊಂದು ಮಾನದಂಡವಿಲ್ಲದ ಸಾಮಗ್ರಿಯನ್ನು ಟೆಂಡರಿನಲ್ಲಿ ಬರೆಯುವ ಧೈರ್ಯ ಯಾವ ಎಂಜಿನಿಯರಿಗಿದ್ದೀತು? ಭಾರತೀಯ ಮಾನಕ ಬ್ಯೂರೊ 2008ರಲ್ಲಿ ಐಎಸ್ 15869 ಎಂಬ ಮಾನದಂಡ ಹೊರಡಿಸಿ ನಾರಿನ ಈ ಬಟ್ಟೆಯನ್ನು ‘ಭೂವಸ್ತ್ರ’ ಎಂದು ಕರೆಯಿತು. ಪಾರಿಭಾಷಿಕ ಪದಗಳಲ್ಲಿ ಇಷ್ಟು ಹಿತವಾದದ್ದು ಅಪರೂಪ. ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ ನಾರಿನ ಭೂವಸ್ತ್ರ ಬಳಸಲು ಒಪ್ಪಿದ್ದು 2020ರಲ್ಲಿ. ಆಗ ಪ್ರಕಟವಾದ 1,674 ಕಿಲೋಮೀಟರ್ ರಸ್ತೆಗಳ ಪಟ್ಟಿಯಲ್ಲಿ ಏಳು ರಾಜ್ಯಗಳಿದ್ದವು. ಕರ್ನಾಟಕ ಇರಲಿಲ್ಲ.

ಇದರ ಬೇರು ಮಟ್ಟೆಯಲ್ಲೇ ಇದೆ. ಕೇರಳದವರು ಹಸಿ ಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ಬಿಳಿ ನಾರು ತೆಗೆಯುತ್ತಿದ್ದರು. ಅದು ಮೆದು, ಹೊಸೆಯಲು ಹಗುರ. ಆಲಪ್ಪುಳದಲ್ಲಿ 1859ರಿಂದಲೇ ಚಾಪೆ ನೇಯುವ ಕಾರ್ಖಾನೆಯಿದ್ದುದರಿಂದ ಅದೇ ಮಗ್ಗದ ಕಸುಬು ಮುಂದೆ ಭೂವಸ್ತ್ರಕ್ಕೂ ಒದಗಿತು. ನಮ್ಮ ಬಯಲುಸೀಮೆಯಲ್ಲಿ ಅಂಥ ಹಿನ್ನೀರೂ ಇಲ್ಲ, ಅಷ್ಟು ಹಳೆಯ ಮಗ್ಗವೂ ಇಲ್ಲ. ಯಂತ್ರಕ್ಕೆ ಕೊಟ್ಟು ತೆಗೆದ ಒರಟು ಕಂದು ನಾರು ಬೇಲುಗಳಾಗಿಯೋ ಹಾಸಿಗೆಗೆ ತುಂಬುವ ಸುರುಳಿ ಹಗ್ಗವಾಗಿಯೋ ಊರು ಬಿಡುತ್ತದೆ. ನಾರಿಗೂ ಮಣ್ಣಿಗೂ ಹೊಂದುವುದಿಲ್ಲವೆಂದಂತೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಲ್. ಶಿವಕುಮಾರ್ ಬಾಬು ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದಲ್ಲಿ ಶೇ 1ರಿಂದ 2ರಷ್ಟು ನಾರಿನ ತುಂಡುಗಳನ್ನು ಬೆರೆಸಿದಾಗಲೇ ಮಣ್ಣಿನ ಬಲ ಹೆಚ್ಚಿದ್ದು ಕಂಡುಬಂದಿತ್ತು.

ರಸ್ತೆಗಿಂತ ಮೊದಲು ತುಮಕೂರು ಜಿಲ್ಲೆಗೆ ಇದು ಒದಗಬೇಕಾದದ್ದು ಕೆರೆ ಏರಿಗಳಿಗೆ ಎಂದು ನನ್ನ ಎಣಿಕೆ. ಹೂಳೆತ್ತಿ ಹೊಸ ಮಣ್ಣು ಏರಿಸಿದ ಏರಿಯನ್ನು ಒಂದು ಜೋರು ಮಳೆಯ ಮರುದಿನ ನೋಡಬೇಕು: ಬೆರಳಗಲದ ಕೊರಕಲುಗಳು ಮೇಲಿಂದ ಶುರುವಾಗಿ ಬುಡದಲ್ಲಿ ಮೊಳದಗಲವಾಗಿರುತ್ತವೆ. ಭೂವಸ್ತ್ರ ಹಾಸುವ ಕ್ರಮ ಸರಳ. ಇಳಿಜಾರಿನ ಕಲ್ಲು, ಹೆಂಟೆ ತೆಗೆದು ಸಮ ಮಾಡಿ ಹುಲ್ಲಿನ ಬೀಜ ಚೆಲ್ಲಬೇಕು. ನೆತ್ತಿಯಲ್ಲಿ ಒಂದಡಿ ಆಳದ ತೋಡು ತೆಗೆದು ಬಟ್ಟೆಯ ಅಂಚನ್ನು ಹೂಳಿ ಕೆಳಕ್ಕೆ ಉರುಳಿಸಿಕೊಂಡು ಬರಬೇಕು. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ಗೇಣಿನಷ್ಟು ಹೊದಿಸಿ ಕಬ್ಬಿಣದ ಮೊಳೆ ಹೊಡೆಯಬೇಕು. ಬಿಗಿಯಾಗಿ ಎಳೆದರೆ ತಗ್ಗುಗಳ ಮೇಲೆ ಬಟ್ಟೆ ತೇಲಿ, ಅಡಿಯಲ್ಲಿ ನೀರು ನುಗ್ಗುತ್ತದೆ. ಬಟ್ಟೆ ಮಣ್ಣಿಗೆ ಕೂತಿದ್ದರೆ ಒಂದೊಂದು ಹುರಿಯೂ ಸಣ್ಣ ಬದುವಿನಂತೆ ನೀರಿನ ಓಟ ತಡೆದು, ಕೊಚ್ಚಿಬಂದ ಮಣ್ಣನ್ನು ಕಣ್ಣುಗಳಲ್ಲಿ ಹಿಡಿದುಕೊಳ್ಳುತ್ತದೆ. ಬೀಜ ಮೊಳೆಯುವುದು ಅಲ್ಲಿಯೇ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ನಾರು ಗೊಬ್ಬರವಾಗಿ, ಅದರ ಜಾಗದಲ್ಲಿ ಗರಿಕೆಯ ಬೇರು ಇರುತ್ತದೆ. ಜಿಲ್ಲೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದಾದ್ದರಿಂದ, ಅದಕ್ಕೆ ಮೊದಲು ಹುಲ್ಲು ಗೇಣುದ್ದ ಬೆಳೆಯಬೇಕಾದರೆ ಈ ಕೆಲಸ ಮುಂಗಾರು ಹಿಡಿಯುವ ಮುನ್ನವೇ ಮುಗಿದಿರಬೇಕು.