ಆಮ್‌ಸ್ಟರ್‌ಡ್ಯಾಮ್‌ನ ಉದಾರತೆಗೆ ಎಷ್ಟು ವಯಸ್ಸು?

ಆಗಸ್ಟ್ ತಿಂಗಳ ಮೊದಲ ಶನಿವಾರ ಆಮ್‌ಸ್ಟರ್‌ಡ್ಯಾಮ್‌ನ ಪ್ರಿನ್ಸೆನ್‌ಗ್ರಾಖ್ತ್ ಕಾಲುವೆಯ ದಂಡೆಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಸಲಿಂಗಿಗಳ ‘ಪ್ರೈಡ್’ ಮೆರವಣಿಗೆಯಲ್ಲಿ ಸುಮಾರು 80 ದೋಣಿಗಳು ಕಾಮನಬಿಲ್ಲಿನ ಬಾವುಟ ಹೊತ್ತು ಸಾಲಾಗಿ ಸಾಗುತ್ತವೆ. ಪೊಲೀಸರ ದೋಣಿಯೂ ಇರುತ್ತದೆ, ಸೇನೆಯದೂ, ಬ್ಯಾಂಕುಗಳದೂ. ಪ್ರವಾಸಿ ಕೈಪಿಡಿಗಳು ಇದನ್ನು ತೋರಿಸಿ, ಈ ಊರು ಹುಟ್ಟಿನಿಂದಲೇ ಉದಾರಿ ಎನ್ನುತ್ತವೆ. ಬಂದವರನ್ನೆಲ್ಲ ಒಳಗೆ ಬಿಟ್ಟುಕೊಂಡ ವ್ಯಾಪಾರದ ಬಂದರು ಎಂಬ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಸಲಿಂಗಿಗಳ ಮಟ್ಟಿಗೆ ಆ ಉದಾರತೆ ತೀರಾ ಈಚಿನದು. ಮೆರವಣಿಗೆಯ ಕಾಲುವೆಯಿಂದ ಸ್ವಲ್ಪ ನಡೆದರೆ ಸಿಗುವ ಡಾಮ್ ಚೌಕದಲ್ಲೇ ಅವರಿಗೆ ಮರಣದಂಡನೆ ವಿಧಿಸಿದ್ದರು.

ಅದು 1730ರ ಮಾತು. ಉಟ್ರೆಕ್ಟ್ ನಗರದ ದೊಡ್ಡ ಚರ್ಚಿನಲ್ಲಿ ಗಂಡಸರು ಕೂಡುತ್ತಾರೆಂಬ ದೂರಿನಿಂದ ಶುರುವಾದ ವಿಚಾರಣೆಯಲ್ಲಿ ಸಖಾರಿಯಾಸ್ ವಿಲ್ಸ್ಮಾ ಎಂಬ ಮಾಜಿ ಸೈನಿಕ ಸಿಕ್ಕಿಬಿದ್ದ. ಅವನು ಊರೂರಿನವರ ಹೆಸರು ಹೇಳಿದ. ಅಲ್ಲಿಯವರೆಗೆ ಇಂಥ ಮೊಕದ್ದಮೆಗಳನ್ನು ಜನರ ಕಿವಿಗೆ ಬೀಳದಂತೆ ಮುಗಿಸುವುದು ರೂಢಿಯಾಗಿತ್ತು. ಹೆಸರಿಡಲೂ ಬಾರದ ಪಾಪ ಎಂಬ ಭಾವನೆ. ಬಲೆ ಇಷ್ಟು ವಿಸ್ತಾರವಾಗಿದೆ ಎಂದು ಕಂಡದ್ದೇ ತಡ, ಆಳುವವರು ಗಾಬರಿಬಿದ್ದರು. ಆ ಜುಲೈನಲ್ಲಿ ಹಾಲೆಂಡ್ ಪ್ರಾಂತ್ಯ ಹೊರಡಿಸಿದ ಶಾಸನ, ಶಿಕ್ಷೆಯನ್ನು ಎಲ್ಲರೆದುರೇ ಜಾರಿಮಾಡಬೇಕೆಂದು ವಿಧಿಸಿತು. ಆಮ್‌ಸ್ಟರ್‌ಡ್ಯಾಮ್ ಅಷ್ಟು ದಿನವೂ ಕಾದಿರಲಿಲ್ಲ. ಜೂನ್‌ನಲ್ಲೇ ಕೆಲವರ ಕತ್ತು ಬಿಗಿದು ಸುಟ್ಟಿತು, ಕೆಲವರನ್ನು ನೀರು ತುಂಬಿದ ಪೀಪಾಯಿಯಲ್ಲಿ ಮುಳುಗಿಸಿ ಕೊಂದಿತು. ತೀರ್ಪು ಕೊಟ್ಟ ಅಂದಿನ ಪುರಭವನವೇ ಇಂದಿನ ಅರಮನೆ. ಪ್ರವಾಸಿಗರು ಟಿಕೆಟ್ ಕೊಂಡು ಒಳಗೆ ಹೋಗಿ ಅಮೃತಶಿಲೆಯ ಸೊಬಗು ನೋಡುತ್ತಾರೆ. ಮರುವರ್ಷ ಉತ್ತರದ ಫಾನ್ ಎಂಬ ಹಳ್ಳಿಯ ಮೊಕದ್ದಮೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಹುಡುಗರೂ ಸೇರಿ, ಒಂದೇ ದಿನ ಸತ್ತರು.

ಈ ಕಾನೂನನ್ನು ತೆಗೆದದ್ದು ಡಚ್ಚರ ಔದಾರ್ಯವಲ್ಲ, ನೆಪೋಲಿಯನ್ನನ ದಂಡಯಾತ್ರೆ. ಫ್ರಾನ್ಸ್ ಈ ದೇಶವನ್ನು ನುಂಗಿದಾಗ 1811ರಲ್ಲಿ ಫ್ರೆಂಚ್ ದಂಡಸಂಹಿತೆ ಜಾರಿಗೆ ಬಂತು. ವಯಸ್ಕರ ಸಲಿಂಗ ಸಂಬಂಧ ಅದರಲ್ಲಿ ಅಪರಾಧವೇ ಆಗಿರಲಿಲ್ಲ. ನೂರು ವರ್ಷದ ನಂತರ, 1911ರಲ್ಲಿ, ಧಾರ್ಮಿಕ ಪಕ್ಷಗಳ ಸರ್ಕಾರ ಹಿಂಬಾಗಿಲಿನಿಂದ ಅದನ್ನು ಮತ್ತೆ ತಂದಿತು. ಹೊಸ ಕಲಮಿನ ಪ್ರಕಾರ ಗಂಡು ಹೆಣ್ಣಿನ ಸಂಬಂಧಕ್ಕೆ 16 ವರ್ಷ ಸಾಕು, ಸಲಿಂಗ ಸಂಬಂಧಕ್ಕೆ 21 ಆಗಿರಬೇಕು. ಇಪ್ಪತ್ತರ ಗೆಳೆಯನಿದ್ದರೆ ಜೈಲು. ಇದನ್ನು ವಿರೋಧಿಸಲೆಂದೇ ಯಾಕೊಬ್ ಸ್ಖೋರರ್ ಎಂಬ ವಕೀಲ ಮರುವರ್ಷ ದೇಶದ ಮೊದಲ ಸಂಘಟನೆ ಕಟ್ಟಿದ.

ಆ ಕಲಮಿನ ನೆರಳಲ್ಲೇ 1927ರಲ್ಲಿ ಬೆಟ್ ಫಾನ್ ಬೇರೆನ್ ಎಂಬ ಗಟ್ಟಿಗಿತ್ತಿ ಝೇಡೈಕ್ ಬೀದಿಯಲ್ಲಿ ‘ತ್ ಮಾಂಡ್ಯೆ’ ಎಂಬ ಪಾನಗೃಹ ತೆರೆದಳು. ತಾನು ಹೆಂಗಸರನ್ನು ಪ್ರೀತಿಸುವವಳೆಂದು ಮುಚ್ಚಿಡದೆ, ಚರ್ಮದ ಉಡುಪು ತೊಟ್ಟು ಮೋಟಾರ್ ಸೈಕಲ್ ಓಡಿಸುತ್ತಿದ್ದವಳು. ನಾವಿಕರು, ವೇಶ್ಯೆಯರು, ಸಲಿಂಗಿಗಳು ಎಲ್ಲರಿಗೂ ಅಲ್ಲಿ ಜಾಗವಿತ್ತು. ಟೈ ಕಟ್ಟಿಕೊಂಡು ಬಂದ ಗಂಡಸಿನ ಟೈ ಕತ್ತರಿಸಿ ಸೂರಿಗೆ ನೇತುಹಾಕುತ್ತಿದ್ದಳು. ಆದರೆ ಪರವಾನಗಿ ಹೋದೀತೆಂಬ ಭಯದಿಂದ, ಗಂಡಸರು ಗಂಡಸರೊಡನೆ ಕುಣಿಯಲು ಅವಳು ಬಿಡುತ್ತಿದ್ದುದು ರಾಣಿಯ ಹುಟ್ಟುಹಬ್ಬದಂದು ಮಾತ್ರ. 1967ರಲ್ಲಿ ಅವಳು ತೀರಿಕೊಂಡಾಗ ಶವವನ್ನು ಅಲ್ಲಿನ ಬಿಲಿಯರ್ಡ್ಸ್ ಮೇಜಿನ ಮೇಲೆಯೇ ದರ್ಶನಕ್ಕಿಟ್ಟಿದ್ದರು. 1980ರ ದಶಕದಲ್ಲಿ ಮುಚ್ಚಿದ ಬಾಗಿಲು 2008ರಲ್ಲಿ ಮತ್ತೆ ತೆರೆಯಿತು. ಈ ಊರಿನಲ್ಲಿ ಒಂದೇ ಒಂದು ಸ್ಥಳಕ್ಕೆ ಸಮಯವಿರುವವರಿಗೆ ನಾನು ಹೇಳುವುದು ಇದನ್ನೇ.

ಪ್ರಾಣಿಸಂಗ್ರಹಾಲಯದ ಪಕ್ಕದ ಪ್ಲಾಂಟಾಜ್ ಕೆರ್ಕ್‌ಲಾನ್ ಬೀದಿಗೆ ಪ್ರವಾಸಿಗರು ಬರುವುದು ಪ್ರಾಣಿಗಳನ್ನು ನೋಡಲು. ಜರ್ಮನ್ ಆಕ್ರಮಣದ ಕಾಲದಲ್ಲಿ ನಗರದ ಜನಸಂಖ್ಯಾ ನೋಂದಣಿ ಕಚೇರಿ ಇದ್ದದ್ದು ಅಲ್ಲಿ. ಯಹೂದಿಗಳ ನಕಲಿ ಗುರುತಿನ ಚೀಟಿಯನ್ನು ಅಲ್ಲಿನ ಕಡತದೊಡನೆ ಹೋಲಿಸಿದರೆ ಸಾಕು, ಸಿಕ್ಕಿಬೀಳುತ್ತಿದ್ದರು. 1943ರ ಮಾರ್ಚ್ 27ರ ರಾತ್ರಿ ಪೊಲೀಸ್ ಸಮವಸ್ತ್ರ ತೊಟ್ಟ ತಂಡವೊಂದು ಒಳನುಗ್ಗಿ, ಕಾವಲುಗಾರರಿಗೆ ಚುಚ್ಚುಮದ್ದು ಕೊಟ್ಟು ಮಲಗಿಸಿ, ಕಡತಗಳ ರಾಶಿಗೆ ಬೆಂಕಿ ಇಟ್ಟಿತು. ಮುಂದಾಳುಗಳಲ್ಲೊಬ್ಬ ಚಿತ್ರಕಾರ ವಿಲ್ಲೆಮ್ ಅರೋಂಡೇಯಸ್, ಸಲಿಂಗಿ. ದರ್ಜಿ ಶೂರ್ಡ್ ಬಾಕರ್ ಕೂಡ ಸಲಿಂಗಿ. ಸಂಚಿನಲ್ಲಿದ್ದ ವಾದ್ಯವೃಂದದ ನಿರ್ದೇಶಕಿ ಫ್ರೀಡಾ ಬೆಲಿನ್‌ಫಾಂಟೆ ಆಮೇಲೆ ಗಂಡುವೇಷದಲ್ಲಿ ತಲೆಮರೆಸಿಕೊಂಡು, ಸ್ವಿಟ್ಜರ್ಲೆಂಡಿಗೆ ದಾಟಿ ಬದುಕಿಕೊಂಡಳು. ಜುಲೈ 1ರಂದು ಅರೋಂಡೇಯಸ್, ಬಾಕರ್ ಮತ್ತು ಸಂಗಡಿಗರನ್ನು ಗುಂಡಿಟ್ಟು ಕೊಂದರು. ಸಲಿಂಗಿಗಳು ಹೇಡಿಗಳಲ್ಲ ಎಂದು ಜನರಿಗೆ ತಿಳಿಸಿ ಎಂಬುದು ಅರೋಂಡೇಯಸ್ ತನ್ನ ವಕೀಲೆಯ ಬಳಿ ಹೇಳಿಕಳಿಸಿದ ಮಾತು. ಜನರಿಗೆ ಅದು ತಲುಪಲು ದಶಕಗಳೇ ಹಿಡಿದವು.

ಯುದ್ಧ ಮುಗಿದ ಮರುವರ್ಷ ಹುಟ್ಟಿದ ಸಂಘಕ್ಕೆ ‘ಶೇಕ್ಸ್‌ಪಿಯರ್ ಕ್ಲಬ್’ ಎಂದು ಹೆಸರಿಟ್ಟದ್ದು ಯಾರಿಗೂ ಅನುಮಾನ ಬಾರದಿರಲೆಂದು. ಮುಂದೆ ಅದೇ ಸಿಓಸಿ (ಡಚ್ಚಿನಲ್ಲಿ ‘ಸಂಸ್ಕೃತಿ ಮತ್ತು ಮನರಂಜನೆ ಕೇಂದ್ರ’ದ ಹ್ರಸ್ವರೂಪ) ಆಯಿತು. ಇಂದಿಗೂ ಉಳಿದಿರುವ ಇಂಥ ಸಂಘಟನೆಗಳಲ್ಲಿ ಜಗತ್ತಿನಲ್ಲೇ ಹಳೆಯದು. 1970ರ ಮೇ 4ರಂದು, ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ, ಸಲಿಂಗಿಗಳ ಹೆಸರಿನಲ್ಲಿ ಡಾಮ್ ಚೌಕದ ಸ್ಮಾರಕಕ್ಕೆ ಹೂವಿನ ಚಕ್ರ ಇಡಲು ಹೋದ ಯುವಕರನ್ನು ಪೊಲೀಸರು ಹಿಡಿದರು. 1911ರ ಕಲಮು ರದ್ದಾದದ್ದು ಅದರ ಮರುವರ್ಷ.

ಆ ಚೌಕದಲ್ಲಿ ಜಾಗ ಕೊಡದಿದ್ದಕ್ಕೆ ಬೇರೆಯೇ ಒಂದು ಸ್ಮಾರಕ ಬೇಕೆಂದು ಹಟ ಹಿಡಿದದ್ದರ ಫಲ, 1987ರಲ್ಲಿ ವೆಸ್ಟರ್‌ಕೆರ್ಕ್ ಚರ್ಚಿನ ಬಗಲಲ್ಲಿ ತೆರೆದ ಹೋಮೋಮಾನ್ಯುಮೆಂಟ್. ಕಾರಿನ್ ದಾನ್ ವಿನ್ಯಾಸದ ಮೂರು ಗುಲಾಬಿ ಗ್ರಾನೈಟ್ ತ್ರಿಕೋನಗಳು ಸೇರಿ ಒಂದು ದೊಡ್ಡ ತ್ರಿಕೋನವಾಗುತ್ತವೆ. ನಾಜಿ ಶಿಬಿರಗಳಲ್ಲಿ ಸಲಿಂಗಿಗಳ ಅಂಗಿಗೆ ಹೊಲಿಯುತ್ತಿದ್ದ ಗುರುತು ಅದು. ಒಂದು ತ್ರಿಕೋನ ನೆಲಕ್ಕೆ ಸಮವಾಗಿದ್ದು ಆನ್ ಫ್ರಾಂಕ್ ಮನೆಯತ್ತ ಮುಖ ಮಾಡಿದೆ. ಇನ್ನೊಂದು ಮೊಣಕಾಲೆತ್ತರದ ಕಟ್ಟೆ, ಸಿಓಸಿಯ ಆಗಿನ ಕಚೇರಿಯ ಕಡೆಗೆ. ಮೂರನೆಯದು ಮೆಟ್ಟಿಲಾಗಿ ಕಾಲುವೆಯ ನೀರಿಗೆ ಇಳಿಯುತ್ತದೆ, ಅದರ ತುದಿ ಡಾಮ್ ಚೌಕದ ದಿಕ್ಕಿಗೆ. ಆನ್ ಫ್ರಾಂಕ್ ಮನೆಗೆ ಬಂದವರು ಎಷ್ಟೋ ಸಲ ಕಟ್ಟೆಯ ಮೇಲೆ ಕುಳಿತು ತಿಂಡಿ ತಿಂದು, ಅದು ಏನೆಂದು ತಿಳಿಯದೆಯೇ ಎದ್ದುಹೋಗುತ್ತಾರೆ.

ಕಾಲುವೆ ಮೆರವಣಿಗೆ ಶುರುವಾದದ್ದು 1996ರಲ್ಲಿ, ಅದೂ ಪಾನಗೃಹಗಳ ಮಾಲೀಕರು ಮತ್ತು ವ್ಯಾಪಾರಿಗಳ ಉತ್ಸಾಹದಿಂದ. ಪ್ರತಿಭಟನೆಯ ಮೆರವಣಿಗೆಗಳು 1977ರಿಂದಲೇ ಬೀದಿಯಲ್ಲಿದ್ದವು. ಹೀಗಾಗಿ ಬ್ಯಾಂಕಿನ ದೋಣಿ ಕಂಡು ಹಬ್ಬ ಕೆಟ್ಟಿತು ಎಂದು ಗೊಣಗುವವರ ಲೆಕ್ಕ ಸ್ವಲ್ಪ ತಪ್ಪು. ಇದು ಮೊದಲಿನಿಂದಲೂ ಅರ್ಧ ಜಾತ್ರೆ, ಅರ್ಧ ಅಂಗಡಿ.

2001ರ ಏಪ್ರಿಲ್ 1ರ ಮಧ್ಯರಾತ್ರಿ ಕಳೆದೊಡನೆ ಮೇಯರ್ ಯೋಬ್ ಕೊಹೆನ್ ಪುರಭವನದಲ್ಲಿ ನಾಲ್ಕು ಸಲಿಂಗಿ ಜೋಡಿಗಳ ಮದುವೆ ಮಾಡಿಸಿದರು. ಜಗತ್ತಿನಲ್ಲೇ ಮೊದಲು. ಆಗಲೂ ವಿದೇಶದ ಮಗುವನ್ನು ದತ್ತು ಪಡೆಯಲು ಈ ದಂಪತಿಗಳಿಗೆ ಅವಕಾಶವಿರಲಿಲ್ಲ. ಅದು ಸಿಕ್ಕಿದ್ದು 2009ರಲ್ಲಿ. ಲಿಂಗ ಬದಲಿಸಿಕೊಂಡವರ ಪಾಡು ಇನ್ನೂ ಕಠಿಣ. ದಾಖಲೆಯಲ್ಲಿ ಲಿಂಗ ತಿದ್ದಿಸಲು 1985ರ ಕಾನೂನು ದಾರಿ ಮಾಡಿಕೊಟ್ಟಿತ್ತು, ಆದರೆ ಸಂತಾನಶಕ್ತಿ ಕಳೆದುಕೊಂಡರೆ ಮಾತ್ರ. ಮದುವೆಯ ಸುದ್ದಿ ಜಗತ್ತನ್ನೆಲ್ಲ ಸುತ್ತಿದ ಮೇಲೂ ಹದಿಮೂರು ವರ್ಷ ಆ ಷರತ್ತು ಹಾಗೆಯೇ ಇತ್ತು. ತೆಗೆದದ್ದು 2014ರಲ್ಲಿ. ಸರ್ಕಾರ ಕ್ಷಮೆ ಕೇಳಿದ್ದು 2021ರಲ್ಲಿ, ಪರಿಹಾರ ತಲಾ 5,000 ಯೂರೊ.