ಗಾಜು ಬಿಗಿಯಾದರೆ ಮೊದಲು ಚಾನೆಲ್ ನೋಡಿ

ಹಳೆ ಅಂಬಾಸಿಡರ್ ತರುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ಗ್ಲಾಸ್ ಮಷಿನ್ ಹೋಗಿದೆ, ಹೊಸದು ಹಾಕಿಬಿಡಿ." ಗ್ಲಾಸ್ ಮಷಿನ್ ಅಂದರೆ ಹ್ಯಾಂಡಲ್ ತಿರುಗಿಸಿದಾಗ ಬಾಗಿಲ ಗಾಜನ್ನು ಏರಿಸಿ ಇಳಿಸುವ ಯಂತ್ರ. ಹಾಕಬಹುದು. ಅಂಬಾಸಿಡರ್ ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ನಿಂತರೂ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಿದರೆ ಮಷಿನ್ ಸಿಗುತ್ತದೆ. ಆದರೆ ಕಾರಣ ಹುಡುಕದೆ ಸುಮ್ನೆ ಮಷಿನ್ ಬದಲಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಹೆಚ್ಚಿನ ಸಲ ಹಳೆಯದನ್ನು ಕೆಡಿಸಿದ್ದು ಗಾಜು ಓಡಾಡುವ ದಾರಿ, ಅಂದರೆ ಬಾಗಿಲ ಫ್ರೇಮಿನಲ್ಲಿ ದಪ್ಪ ಮೆತ್ತನೆ ಬಟ್ಟೆ (ಫೆಲ್ಟ್) ಹಾಕಿದ ಫೆಲ್ಟ್ ಚಾನೆಲ್.

ಬಿಚ್ಚಿದ ಮಷಿನ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಹ್ಯಾಂಡಲ್ ತಿರುಗಿಸಿದಾಗ ಪಿನಿಯನ್ ಅನ್ನುವ ಸಣ್ಣ ಹಲ್ಲುಚಕ್ರ ತಿರುಗುತ್ತದೆ. ಅದು ಬೀಸಣಿಗೆಯ ಹಾಗಿರುವ ಹಲ್ಲಿನ ಪ್ಲೇಟನ್ನು ತಳ್ಳುತ್ತದೆ. ಆ ಪ್ಲೇಟಿಗೆ ಸೇರಿದ ತೋಳಿನ ತುದಿಯ ರೋಲರ್ ಗಾಜಿನ ಕೆಳಅಂಚಿಗೆ ಸಿಕ್ಕಿಸಿದ ಚಾನೆಲ್‌ನಲ್ಲಿ (ಇದು ಫೆಲ್ಟ್ ಚಾನೆಲ್ ಅಲ್ಲ, ಬೇರೆಯದು) ಜಾರುತ್ತಾ ಗಾಜನ್ನು ಎತ್ತುತ್ತದೆ. ಈಗ ಹಲ್ಲುಗಳನ್ನು ಬೆರಳಿನಿಂದ ಸವರಿ. ಮಧ್ಯದ ಹಲ್ಲುಗಳು ಚೂಪಾಗಿಯೇ ಇರುತ್ತವೆ, ಒಂದು ತುದಿಯ ನಾಲ್ಕೈದು ಮಾತ್ರ ಸವೆದು ನುಣುಪಾಗಿರುತ್ತವೆ. ಗಾಜು ಪೂರ್ತಿ ಮೇಲೆ ಬರುವಾಗ ಕೆಲಸ ಮಾಡುವ ಹಲ್ಲುಗಳು ಅವೇ. ಫೆಲ್ಟ್ ಗಟ್ಟಿಯಾಗಿ, ಗಾಜು ಅಲ್ಲಿ ಸಿಕ್ಕಿಕೊಂಡಾಗ ನಾವು ಹ್ಯಾಂಡಲನ್ನು ಜೋರಾಗಿ ಒತ್ತುತ್ತೇವಲ್ಲ, ಆ ಬಲವೆಲ್ಲ ಬೀಳುವುದು ಈ ನಾಲ್ಕೈದು ಹಲ್ಲಿನ ಮೇಲೆ.

ಹಾಗಾಗಿ ಪರೀಕ್ಷೆ ಸುಲಭ. ಮಷಿನ್ ಬಿಚ್ಚಿ ಪಕ್ಕಕ್ಕಿಡಿ. ಗಾಜನ್ನು ಎರಡೂ ಕೈಯಲ್ಲಿ ಹಿಡಿದು ಫೆಲ್ಟ್ ಚಾನೆಲ್‌ನಲ್ಲಿ ಮೇಲೆ ಕೆಳಗೆ ಓಡಿಸಿ. ಎಲ್ಲೂ ತಡೆಯದೆ ಹೋದರೆ ದೋಷ ಮಷಿನ್‌ನದು. ತಡೆದರೆ, ಎಲ್ಲಿ ತಡೆಯಿತೋ ಅಲ್ಲಿಂದ ಕೆಲಸ ಶುರು ಮಾಡಿ. ಹೆಚ್ಚಾಗಿ ಫೆಲ್ಟ್ ಕೆಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿರುತ್ತದೆ. ಇಲ್ಲವೇ ಟಿಂಕರಿಂಗ್ ಮಾಡುವಾಗ ಬಾಗಿಲ ಫ್ರೇಮ್ ಸ್ವಲ್ಪ ಸೊಟ್ಟ ಆಗಿರುತ್ತದೆ. ಮುಂದಿನ ಬಾಗಿಲಲ್ಲಿ ಬಟರ್‌ಫ್ಲೈ ಗ್ಲಾಸಿನ (ಮುಂದಿನ ಮೂಲೆಯಲ್ಲಿ ತಿರುಗಿಸಿ ತೆರೆಯುವ ಸಣ್ಣ ತ್ರಿಕೋನ ಗಾಜು) ಹಿಂದಿನ ನಿಲುವು ಪಟ್ಟಿಯನ್ನೂ ನೋಡಬೇಕು. ಅದರ ಕೆಳತುದಿ ಕೂದಲೆಳೆಯಷ್ಟು ಒಳಗೆ ಸರಿದಿದ್ದರೂ ಗಾಜು ಇಳಿಯುತ್ತಾ ಇಳಿಯುತ್ತಾ ಬಿಗಿಯಾಗುತ್ತದೆ.

ಹೊಸ ಫೆಲ್ಟಿಗೆ ಗ್ರೀಸ್, ಆಯಿಲ್ ಯಾವುದೂ ಬೇಡ. ನಮ್ಮ ರಸ್ತೆಯ ಧೂಳು ಅದಕ್ಕೆ ಮೆತ್ತಿಕೊಂಡು ಉಪ್ಪುಕಾಗದವೇ ಆಗಿಬಿಡುತ್ತದೆ, ಗಾಜಿನ ಮೇಲೆ ಉದ್ದುದ್ದ ಗೀರು ಬೀಳುತ್ತವೆ. ಒಣಗುವ ಸಿಲಿಕೋನ್ ಸ್ಪ್ರೇ ಸಾಕು. ಗ್ರೀಸ್ ಬೇಕಾಗಿರುವುದು ಪಿನಿಯನ್, ಹಲ್ಲು, ರೋಲರ್ ಈ ಮೂರಕ್ಕೆ ಮಾತ್ರ.

ಇನ್ನು ಗಾಜು. ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಬಾಗಿಲ ಗಾಜು ಚಪ್ಪಟೆ. ಅದಕ್ಕೇ ಕಿಟಕಿ ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಹಾಕಿಸಿಕೊಂಡು ಬರುವವರಿದ್ದಾರೆ. ಇದನ್ನು ದಯವಿಟ್ಟು ಮಾಡಬೇಡಿ. ಮನೆಯ ಸಾದಾ ಗಾಜು ಒಡೆದರೆ ಕತ್ತಿಯಂತಹ ಚೂರುಗಳಾಗುತ್ತವೆ. ಪಕ್ಕದಲ್ಲಿ ಕೂತವರ ಕುತ್ತಿಗೆ ಅದೇ ಎತ್ತರದಲ್ಲಿರುತ್ತದೆ. ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಒಡೆದರೆ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ಆದರೆ ಅದನ್ನು ಟಫನ್ ಮಾಡಿದ ಮೇಲೆ ಕತ್ತರಿಸಲಾಗದು, ತೂತು ಕೊರೆಯಲೂ ಆಗದು, ಪ್ರಯತ್ನಿಸಿದರೆ ಇಡೀ ಗಾಜು ಪುಡಿ. ಆದ್ದರಿಂದ ಹಳೆ ಗಾಜನ್ನಿಟ್ಟು ಪ್ಲೈವುಡ್ಡಿನಲ್ಲಿ ಅಚ್ಚು ತೆಗೆಯಿರಿ. ಆ ಅಚ್ಚನ್ನೇ ಬಾಗಿಲಲ್ಲಿ ಓಡಿಸಿ ನೋಡಿ, ಸರಿ ಅನ್ನಿಸಿದ ಮೇಲೆ ಟಫನ್ ಮಾಡುವವರಿಗೆ ಕೊಡಿ. ಅಷ್ಟು ಕಾಯಲು ಆಗದಿದ್ದರೆ ಲ್ಯಾಮಿನೇಟೆಡ್ ಗಾಜು (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದು) ಕತ್ತರಿಸಿ ಹಾಕಬಹುದು, ಆದರೆ ಅಂಚನ್ನು ಚೆನ್ನಾಗಿ ಉಜ್ಜಿಸಲೇಬೇಕು.

ಹಳೆ ಗಾಜಿನಿಂದ ಕೆಳಗಿನ ಚಾನೆಲ್ ಕಳಚುವ ಮೊದಲು ಗಾಜಿನ ಮುಂದಿನ ಅಂಚಿನಿಂದ ಚಾನೆಲ್ ಎಷ್ಟು ದೂರದಲ್ಲಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಈ ಅಳತೆ ತಪ್ಪಿದರೆ ತೋಳು ಗಾಜನ್ನು ಓರೆಯಾಗಿ ಎತ್ತುತ್ತದೆ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ಹೊಸ ಗಾಜು ಹಳೆಯದಕ್ಕಿಂತ ತೆಳುವಾಗಿದ್ದರೆ ಚಾನೆಲ್ ಒಳಗಿನ ರಬ್ಬರ್ ಪಟ್ಟಿ ಆ ಅಂತರ ತುಂಬುವಷ್ಟು ದಪ್ಪ ಇರಬೇಕು. ಪಟ್ಟಿಗೆ ಸೋಪಿನ ನೀರು ಸವರಿ. ಚಾನೆಲ್ ಮೇಲೆ ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಬಡಿಯುತ್ತಾ ಹೋಗಿ. ಒಂದೇ ಜಾಗದಲ್ಲಿ ಹೊಡೆದರೆ ಗಾಜು ಹೋಯಿತು ಅಂತಲೇ ಲೆಕ್ಕ.

ಮಷಿನ್‌ನ ಸುರುಳಿ ಸ್ಪ್ರಿಂಗ್ ಬಗ್ಗೆ ಒಂದು ಎಚ್ಚರಿಕೆ. ಗಾಜಿನ ಭಾರ ಹೊರುವುದು ಅದೇ. ಪಿನಿಯನ್ ಬಿಚ್ಚುವ ಮೊದಲು ಹಲ್ಲಿನ ಪ್ಲೇಟನ್ನು ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ. ಇಲ್ಲದಿದ್ದರೆ ತೋಳು ರಪ್ಪನೆ ತಿರುಗಿ ಬೆರಳು ಮುರಿಯಬಹುದು.

ಜೋಡಿಸುವಾಗ ಹೊರಗಿನ ಬೀಡಿಂಗ್ ಪಟ್ಟಿ, ಅಂದರೆ ಗಾಜು ಬಾಗಿಲೊಳಗೆ ಇಳಿಯುವ ಸಂದಿನ ಅಂಚಿನ ಪಟ್ಟಿ, ಮೊದಲು. ಗಾಜು ಬಂದ ಮೇಲೆ ಅದರ ಕ್ಲಿಪ್ಪಿಗೆ ಕೈ ಹೋಗುವುದು ಕಷ್ಟ. ಆಮೇಲೆ ಗಾಜನ್ನು ಓರೆಮಾಡಿ ಬಾಗಿಲೊಳಗೆ ಇಳಿಸಿ, ಮಷಿನ್ ಕೂರಿಸಿ, ರೋಲರನ್ನು ಚಾನೆಲ್‌ಗೆ ಸೇರಿಸಿ. ಬೋಲ್ಟುಗಳನ್ನು ಸಡಿಲವಾಗಿಯೇ ಬಿಡಿ. ಗಾಜನ್ನು ಪೂರ್ತಿ ಮೇಲೆತ್ತಿ, ಮೇಲಿನ ಫ್ರೇಮಿನಲ್ಲಿ ಅದು ತಾನಾಗಿ ಕೂತ ಮೇಲೆ ಬಿಗಿ ಮಾಡಿ. ಗಡಿಬಿಡಿಯಲ್ಲಿ ಗಾಜು ಕೆಳಗಿರುವಾಗಲೇ ಬಿಗಿದುಬಿಡುತ್ತಾರೆ. ಕೆಳಗೆ ಗಾಜಿಗೆ ಆಟ ಜಾಸ್ತಿ, ಹೇಗೆ ಬೇಕಾದರೂ ನಿಲ್ಲುತ್ತದೆ, ಹಾಗಾಗಿ ಮೇಲೆ ಹೋದಾಗ ಸಿಕ್ಕಿಕೊಳ್ಳುತ್ತದೆ.

ಡೋರ್ ಪ್ಯಾಡ್ (ಬಾಗಿಲ ಒಳಬದಿಯ ಹೊದಿಕೆ ಹಲಗೆ) ಮುಚ್ಚುವ ಮೊದಲು ಇನ್ನೂ ಸ್ವಲ್ಪ ಕೆಲಸವಿದೆ. ಮಳೆನೀರು ಬೀಡಿಂಗ್ ದಾಟಿ ಬಾಗಿಲೊಳಗೆ ಬಂದೇ ಬರುತ್ತದೆ, ಕೆಳಗಿನ ತೂತುಗಳಿಂದ ಹೊರಹೋಗಬೇಕು. ಪೇಂಟ್, ಮಣ್ಣು ತುಂಬಿ ಅವು ಮುಚ್ಚಿಹೋಗಿರುತ್ತವೆ. ತಂತಿ ಹಾಕಿ ಬಿಡಿಸಿ. ಮಲೆನಾಡು, ಕರಾವಳಿಯ ಕಾರುಗಳ ಬಾಗಿಲು ಬುಡದಿಂದ ಕೊಳೆಯುವುದಕ್ಕೆ ಇದೇ ದೊಡ್ಡ ಕಾರಣ. ಪ್ಯಾಡಿನ ಹಿಂದೆ ದಪ್ಪ ಪ್ಲಾಸ್ಟಿಕ್ ಶೀಟ್ ಅಂಟಿಸಿ, ಅದರ ಕೆಳಅಂಚು ಬಾಗಿಲ ಒಳಕ್ಕೆ ಮಡಚಿರಲಿ. ನಂತರ ಗಾಜು ಏರಿಸಿ ಪೈಪಿನಲ್ಲಿ ನೀರು ಬಿಡಿ. ಬಾಗಿಲ ಕೆಳಗಿನಿಂದ ನೀರು ಧಾರಾಳವಾಗಿ ಸುರಿದು ಒಳಗಿನ ಕಾರ್ಪೆಟ್ ಒಣಗಿದ್ದರೆ ಹ್ಯಾಂಡಲ್ ಹಾಕಿ ಪಿನ್ ಬಡಿಯಿರಿ.